ಹೊಗೆ ಹತ್ತದ ಪುಸ್ತಕಗಳು

ಮೂಟೆಯ ಬಾಯಿ ಬಿಚ್ಚಿದ ಕೂಡಲೇ ಮೊದಲು ಜಾರಿ ಮೇಜಿನ ಮೇಲೆ ಬಿದ್ದದ್ದು ಆನೆ ಚಿತ್ರದ ಪುಸ್ತಕ. ಅದರ ಬೆನ್ನಿಗೇ ಉಳಿದವೂ ದಬದಬನೆ ಬಿದ್ದವು.

"ನೋಡಿ," ಎಂದ ಲೋಕೇಶ್. "ನಾನು ಹೇಳಿದ್ದು ಸುಳ್ಳಾ?"

ಅವನು ಬೆಳ್ಳಿಗುಡ್ಡ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಸ್ಟೋರಿನ ಬೀಗ ಎರಡೂ ಅವನ ಕೈಯಲ್ಲಿ. ತಿಂಗಳಿನಿಂದ ನೆಲ್ಲಿಮೊಟ್ಟೆ ಗ್ರಂಥಾಲಯದಲ್ಲಿ ಕಾಣೆಯಾಗಿದ್ದ ಹೊಸ ಪುಸ್ತಕಗಳು ಆ ಬೆಳಿಗ್ಗೆ ಎಸ್ಟೇಟ್ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಪಾಪಳ ಮನೆಯ ಸೌದೆ ರಾಶಿಯ ಹಿಂದೆ ಸಿಕ್ಕವೆಂದು ಮೂಟೆಯನ್ನೂ ಪಾಪಳನ್ನೂ ಒಂದೇ ಜೀಪಿನಲ್ಲಿ ಕರೆತಂದವನೂ ಅವನೇ.

ಪಾಪ ಬಾಗಿಲ ಬಳಿ ನಿಂತಿದ್ದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ, ಕಾಲಿನ ಕೆಸರು ಒಣಗಿರಲಿಲ್ಲ.

"ಕೂರು ಪಾಪಕ್ಕ," ಎಂದು ತುಳಸಿ ಕುರ್ಚಿ ಎಳೆದಳು.

"ಕಳ್ಳಿ ಅಂತ ಜೀಪಲ್ಲಿ ಹಾಕ್ಕೊಂಡು ಬಂದ ಮೇಲೆ ಕುರ್ಚಿ ಎಂತಕ್ಕೆ? ಮೊದಲು ಹೆಸರು ತೊಳೆದು ಕೊಡಿ. ಆಮೇಲೆ ಕೂರ್ತೇನೆ, ಕಾಫಿಯೂ ಕುಡೀತೇನೆ."

ಲೋಕೇಶ್ ನಕ್ಕ. "ಬಾಯಿ ನೋಡಿ ಇವಳದ್ದು. ನಾಲ್ಕಕ್ಷರ ಕಲಿತದ್ದೇ ತಡ."

ತುಳಸಿ ಕುರ್ಚಿಯ ಬೆನ್ನು ಹಿಡಿದೇ ನಿಂತಳು. ನಾಲ್ಕು ಜನರ ಎದುರು ಅವಳ ಬಾಯಿಂದ ಮಾತು ಬರುವುದು ಯಾವತ್ತೂ ಕಷ್ಟವೇ. ವಿರಾಜಪೇಟೆ ಕಾಲೇಜಿನಲ್ಲಿ ಡಿಗ್ರಿ ಓದಿದ ಮೂರು ವರ್ಷವೂ ಹಾಜರಿ ಕರೆದಾಗ ಮಾತ್ರ ಅವಳ ಧ್ವನಿ ಕೇಳಿದವರು ಹೆಚ್ಚು. ಆದರೂ ಬೆಳ್ಳಿಗುಡ್ಡದ ಲೈನಿನಿಂದ ಡಿಗ್ರಿ ಮಾಡಿದ ಮೊದಲನೆಯವಳು ಅವಳೇ, ಲೈನಿಗೆ ಪುಸ್ತಕ ಹೊತ್ತುಕೊಂಡು ಹೋದ ಮೊದಲನೆಯವಳೂ ಅವಳೇ.

ಗ್ರಂಥಪಾಲಕರಿಗೆ ಎರಡು ಊರಿನ ಹೊಣೆ. ಅವರಿಲ್ಲದ ದಿನಗಳಲ್ಲಿ ಬಾಗಿಲು ತೆಗೆಯುವುದು, ಗುಡಿಸುವುದು, ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದು, ಓದಲು ಬಾರದವರಿಗೆ ಓದಿ ಹೇಳುವುದು ಎಲ್ಲವೂ ಓದುವ ಬಳಗದ್ದು. ಬಳಗ ಕಟ್ಟಿದ್ದು ನಿವೃತ್ತ ಮೇಷ್ಟ್ರಮ್ಮ ವಿಶಾಲಾಕ್ಷಮ್ಮ. ಹಾಸನದ ಕಡೆಯವರು, ಅಲ್ಲಿಯ ಮಾತು ಇನ್ನೂ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ನೀಲಿ ಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ ತುಂಬ ಪುಸ್ತಕಗಳು ಕಾಫಿ ತೋಟದ ದಾರಿಯಲ್ಲಿ ಲೈನಿಗೆ ಹೋಗುತ್ತಿದ್ದವು. ಠೇವಣಿ ಇಲ್ಲ, ಜಾಮೀನು ಇಲ್ಲ. ಇಡುವ ಜಾಗ ಪಾಪಳ ಮನೆ. ಜನ ಅದಕ್ಕೆ ಲೈನ್ ಪೆಟ್ಟಿಗೆ ಎಂದರು.

ಆ ದಿನ ಮಧ್ಯಾಹ್ನ ಮಡಿಕೇರಿಯಿಂದ ಗ್ರಂಥಾಲಯದ ಅಧಿಕಾರಿ ಬರುವವರಿದ್ದರು. ಲೈನಿನ ಖಾಲಿ ಬಾಲವಾಡಿ ಕಟ್ಟಡವನ್ನು ಓದುವ ಕೋಣೆ ಮಾಡಲು ಅವರೊಂದು ಮಾತು ಹೇಳಿದರೆ ಸಾಕಿತ್ತು.

"ಅವರು ಬರೋದರೊಳಗೆ ಇದನ್ನು ಮುಗಿಸೋಣ," ಎಂದರು ಜಯಪ್ರಕಾಶ್. ಗ್ರಂಥಾಲಯ ಸಮಿತಿಯ ಅಧ್ಯಕ್ಷರು, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. "ಪೊಲೀಸ್ ಗಿಲೀಸ್ ಬೇಡ. ಪುಸ್ತಕ ಸಿಕ್ಕಿತಲ್ಲ. ಲೈನ್ ಪೆಟ್ಟಿಗೆ ಇವತ್ತಿಗೆ ನಿಲ್ಲಲಿ. ಓದುವ ಕೋಣೆಯ ವಿಷಯ ಎತ್ತೋದೇ ಬೇಡ. ನಮ್ಮ ಮರ್ಯಾದೆಯಾದ್ರೂ ಉಳೀತದೆ."

"ನನ್ನದು?" ಎಂದಳು ಪಾಪ.

ಜಯಪ್ರಕಾಶ್ ಕೈಗಡಿಯಾರ ನೋಡಿಕೊಂಡರು.

ತುಳಸಿ ಆನೆಯ ಪುಸ್ತಕ ಎತ್ತಿಕೊಂಡಳು. ಇದಕ್ಕೆ ಹೊದಿಕೆ ಹಾಕಿದ್ದು ತಾನೇ. ಮೂಲೆಯಲ್ಲಿ ಟೇಪು ಸ್ವಲ್ಪ ಸೊಟ್ಟ. ಪುಸ್ತಕ ಕೈಗೆ ಬಂದರೆ ಮೊದಲು ಮೂಸುವುದು ಅವಳ ಅಭ್ಯಾಸ. ಅಮ್ಮ ಬೈಯುತ್ತಿದ್ದರು, ಮೀನೇನೇ ಅದು ಎಂದು.

ಮೂಸಿದಳು. ಇನ್ನೊಂದನ್ನು ಎತ್ತಿ ಮೂಸಿದಳು. ಮತ್ತೊಂದನ್ನು.

"ಲೋಕೇಶಣ್ಣ," ಎಂದಳು. ತನ್ನ ಧ್ವನಿ ತನಗೇ ಹೊಸದಾಗಿ ಕೇಳಿಸಿತು. "ಇವು ಎಷ್ಟು ದಿನದಿಂದ ಅಲ್ಲಿದ್ದವು?"

"ಯಾವತ್ತು ಕಾಣೆಯಾಯ್ತೋ ಅವತ್ತಿಂದ. ತಿಂಗಳು ಆಯ್ತಲ್ಲ."

"ಸೌದೆ ರಾಶಿಯ ಹಿಂದೆ? ಈ ಕಕ್ಕಡ ತಿಂಗಳ ಬಿಡದ ಮಳೆಯಲ್ಲಿ? ಒಂದು ಹಾಳೆಯೂ ಉಬ್ಬಿಲ್ಲ."

ಲೋಕೇಶ್ ಖಾಲಿ ಮೂಟೆಯನ್ನು ಕಾಲಿಂದ ಬದಿಗೆ ಸರಿಸಿದ. "ಮನೆ ಒಳಗೆ ಇಟ್ಟಿರ್ತಾಳೆ. ಇವತ್ತು ಆಫೀಸರ್ ಬರ್ತಾರೆ ಅಂತ ಗೊತ್ತಾಗಿ ನಿನ್ನೆ ಹೊರಗೆ ಹಾಕಿರ್ತಾಳೆ. ಅಷ್ಟೂ ಗೊತ್ತಾಗೋದಿಲ್ವಾ?"

"ಮನೆ ಒಳಗೆ. ಖಂಡಿತಾ?"

"ಮತ್ತೆ ಆಕಾಶದಲ್ಲಾ?"

ತುಳಸಿ ಪುಸ್ತಕವನ್ನು ಜಯಪ್ರಕಾಶರ ಮುಂದೆ ಚಾಚಿದಳು.

"ಸರ್, ಒಂದು ಸಲ ಮೂಸಿ ನೋಡ್ತೀರಾ?"

"ಎಂತ ಮಾರಾಯ್ತಿ, ನಾನೆಂತ ನಾಯಿಯಾ?"

"ಹೋದ ಸಭೆಯಲ್ಲಿ ನೀವೇ ಹೇಳಿದ್ರಿ ಸರ್. ಲೈನಿಗೆ ಹೋಗಿ ಬಂದ ಪುಸ್ತಕಕ್ಕೆಲ್ಲ ಲೈನ್ ವಾಸನೆ, ಪೇಟೆಯ ಓದುಗರು ಮುಟ್ಟೋದಿಲ್ಲ ಅಂತ."

ವಿಶಾಲಾಕ್ಷಮ್ಮ ತಲೆ ಎತ್ತಿದರು. ಪಾಪಳ ಕಣ್ಣೂ ಇತ್ತ ತಿರುಗಿತು. ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲವೆಂದು ತುಳಸಿಗೆ ಆಗ ಹೊಳೆಯಿತು. ಹಿಂದೆ ಸರಿಯುವ ಹಾಗಿರಲಿಲ್ಲ.

ಆ ವಾಸನೆ ಏನೆಂದು ಅವಳಿಗೆ ಗೊತ್ತು. ಮಳೆಗಾಲದಲ್ಲಿ ಲೈನ್ ಮನೆಯಲ್ಲಿ ಪುಸ್ತಕ ಉಳಿಯಬೇಕಾದರೆ ಒಂದೇ ದಾರಿ, ಒಲೆಯ ಮೇಲಿನ ಅಟ್ಟ. ಒಣಮೀನು, ಮೆಣಸಿನಕಾಯಿ, ಬಿತ್ತನೆ ಬೀಜಗಳ ಜೊತೆಗೆ ಈಗ ಪುಸ್ತಕವೂ ಅಲ್ಲಿ ಏರುತ್ತಿತ್ತು. ಎಲ್ಲಕ್ಕಿಂತ ಒಳ್ಳೆಯ ಜಾಗ ಪುಸ್ತಕಕ್ಕೆ ಎಂದು ಪಾಪ ಒಣಮೀನನ್ನು ಪಕ್ಕಕ್ಕೆ ಸರಿಸಿದ್ದಳು. ಎರಡು ದಿನ ಇಟ್ಟರೆ ಸಾಕು, ಸೌದೆಯ ಹೊಗೆ ಹಾಳೆಹಾಳೆಗೂ ಇಳಿಯುತ್ತಿತ್ತು. ಬೂಷ್ಟು ಮಾತ್ರ ಹತ್ತುತ್ತಿರಲಿಲ್ಲ.

ಜಯಪ್ರಕಾಶ್ ಪುಸ್ತಕ ತೆಗೆದುಕೊಂಡರು. ನಡುವೆ ಬಿಡಿಸಿ ಮೂಗಿನ ಬಳಿ ಹಿಡಿದರು. ಇನ್ನೊಂದು ಸಲ ಮೂಸಿದರು.

"ಇಲ್ಲ," ಎಂದರು. "ಹೊಸ ಪುಸ್ತಕದ ವಾಸನೆಯೇ."

"ಪ್ಲಾಸ್ಟಿಕ್ ಹಾಕಿದೆಯಲ್ಲ ಸರ್," ಎಂದ ಲೋಕೇಶ್. "ಹೊಗೆ ಹೇಗೆ ಹತ್ತುತ್ತೆ?"

ತುಳಸಿ ಲೈನಿನಿಂದ ವಾಪಸಾಗಿ ಮೂಲೆಯಲ್ಲಿದ್ದ ಲೈನ್ ಪೆಟ್ಟಿಗೆಯ ಮುಚ್ಚಳ ಎತ್ತಿ ಕಥೆ ಪುಸ್ತಕವೊಂದನ್ನು ತಂದಳು. ಅದೇ ಪ್ಲಾಸ್ಟಿಕ್, ಅದೇ ಟೇಪು. "ಇದು ಪಾಪಕ್ಕನ ಅಟ್ಟದಲ್ಲಿ ಒಂದೇ ವಾರ ಇತ್ತು ಸರ್."

ಜಯಪ್ರಕಾಶ್ ಮೂಗಿನ ಹತ್ತಿರ ತರುವ ಮೊದಲೇ ಮುಖ ಹಿಂದಕ್ಕೆಳೆದರು.

"ಇದಕ್ಕೆ ಇದೆ. ಇದಕ್ಕೆ ಸರಿಯಾಗಿ ಇದೆ."

"ನಮ್ಮ ಮನೆಯ ವಾಸನೆ ಸಾಹೇಬ್ರೆ," ಎಂದಳು ಪಾಪ ಬಾಗಿಲಿಂದಲೇ. "ನೀವು ನಾಚಿಕೆ ಅಂದ್ಕೊಂಡ್ರಿ. ಇವತ್ತು ಅದೇ ನನ್ನ ಕಡೆ ಸಾಕ್ಷಿ ಹೇಳ್ತು ನೋಡಿ."

ವಿಶಾಲಾಕ್ಷಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ನಗು ಮುಚ್ಚಿಕೊಳ್ಳಲೋ ಇನ್ನೇನಕ್ಕೋ.

ಜಯಪ್ರಕಾಶ್ ಆ ಹೊಗೆ ಪುಸ್ತಕವನ್ನು ಕೆಳಗಿಡಲಿಲ್ಲ. ಇಷ್ಟು ದಿನ ಎರಡು ಬೆರಳಲ್ಲಿ ಹಿಡಿಯುತ್ತಿದ್ದವರು ಈಗ ತೊಡೆಯ ಮೇಲಿಟ್ಟುಕೊಂಡು ಕೂತರು.

"ಅಂದ್ರೆ ಈ ಮೂಟೆ ಲೈನಲ್ಲಿ ಇರಲೇ ಇಲ್ಲ," ಎಂದರು ನಿಧಾನವಾಗಿ. "ಯಾರೋ ಅಲ್ಲಿ ತಂದಿಟ್ಟಿದ್ದಾರೆ. ಹಾಗಾದ್ರೆ ತಿಂಗಳಿಡೀ ಎಲ್ಲಿತ್ತು? ಇಷ್ಟು ಬೆಚ್ಚಗೆ?"

ಬೆಚ್ಚಗೆ. ಆ ಮಾತು ತುಳಸಿಯನ್ನು ಹಿಡಿದು ನಿಲ್ಲಿಸಿತು.

ಅವಳು ಪುಸ್ತಕಗಳನ್ನು ಒಂದೊಂದಾಗಿ ತಿರುಗಿಸಿದಳು. ನಾಲ್ಕೈದರ ಹೊದಿಕೆಯ ಮೇಲೆ ಒಂದೇ ಬಗೆಯ ಗುರುತು. ಅಂಗೈ ಅಗಲ ದುಂಡಗೆ, ಪ್ಲಾಸ್ಟಿಕ್ ಸುಕ್ಕುಗಟ್ಟಿ ಒಳಕ್ಕೆ ಎಳೆದುಕೊಂಡಿತ್ತು, ಹಾಲು ಕಾಯಿಸಿ ಆರಿಸಿದಾಗ ಮೇಲೆ ಕಟ್ಟುವ ಕೆನೆಯ ಹಾಗೆ. ಬೆಂಕಿ ತಾಗಿದ್ದಲ್ಲ. ಯಾವುದೋ ಬಿಸಿ ಬಹಳ ಹೊತ್ತು ಹತ್ತಿರದಲ್ಲೇ ಇತ್ತು.

ಅವಳ ಕಣ್ಣು ತಾನಾಗಿ ಕೋಣೆಯ ಕೊನೆಗೆ ಹೋಯಿತು.

ಅಲ್ಲಿ ಬಲ್ಬಿನ ಬೀರು ನಿಂತಿತ್ತು. ಬಳಗದ ಹೆಮ್ಮೆ ಅದು. ಕೊಡಗಿನಲ್ಲಿ ಉಳ್ಳವರ ಮನೆಯ ಬಟ್ಟೆ ಬೀರುವಿನಲ್ಲಿ ಮಳೆಗಾಲವಿಡೀ ಸಣ್ಣ ಬಲ್ಬೊಂದು ಉರಿಯುತ್ತಿರುತ್ತದೆ, ರೇಷ್ಮೆ ಸೀರೆಗೆ ಬೂಷ್ಟು ಬಾರದಿರಲೆಂದು. ಸೀರೆಗೆ ಆಗುವುದಾದರೆ ಪುಸ್ತಕಕ್ಕೂ ಆಗಬೇಕಲ್ಲ ಎಂದು ಎರಡು ವರ್ಷದ ಹಿಂದೆ ಯೋಚಿಸಿದ್ದು ತುಳಸಿ. ಊರವರು ಕೊಟ್ಟ ಹಳೆಯ ಅಪರೂಪದ ಪುಸ್ತಕಗಳೆಲ್ಲ ಅದರಲ್ಲಿದ್ದವು. ಒಳಗಿನ ವೈರಿಂಗ್ ಮಾಡಿಕೊಟ್ಟವರು ಅವಳ ಅಪ್ಪ ದೇವರಾಜು, ಬೆಳ್ಳಿಗುಡ್ಡ ಎಸ್ಟೇಟಿನ ಎಲೆಕ್ಟ್ರಿಷಿಯನ್. "ನಮ್ಮ ಹುಡುಗಿಯ ಬೀರು" ಎಂದು ಅವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಅವಳಿಗೆ ನಾಚಿಕೆ ಬರಿಸಿದ್ದರು.

ಮಳೆ ಹಿಡಿದ ಮೇಲೆ ಆ ಬೀರು ತೆರೆಯಬಾರದು, ತೇವ ಒಳಗೆ ಹೋಗುತ್ತದೆ. ಆ ನಿಯಮವೂ ಅವಳದ್ದೇ. ಕಳೆದ ತಿಂಗಳಿನಿಂದ ಯಾರೂ ಅದರ ಬಾಗಿಲು ಮುಟ್ಟಿರಲಿಲ್ಲ. ಬಾಗಿಲ ಸಂದಿಯಲ್ಲಿ ಕಾಣುವ ಬೆಳಕನ್ನು ನೋಡಿಯೇ ಬಲ್ಬ್ ಉರಿಯುತ್ತಿದೆ ಎಂದು ಸಮಾಧಾನ ಪಡುತ್ತಿದ್ದರು.

ಕೀ ಒಂದೇ. ಅದು ಈಗಲೂ ತುಳಸಿಯ ಕೊರಳಿನ ದಾರದಲ್ಲಿತ್ತು.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಪ್ಪ ಛತ್ರಿ ಕೊಡುತ್ತಾ ಕೇಳಿದ್ದು ನೆನಪಾಯಿತು. "ಆಫೀಸರ್ ಬಂದ್ರೆ ನಿಮ್ಮ ಬಲ್ಬಿನ ಬೀರೂ ತೆಗೆದು ತೋರಿಸ್ತೀರೇನಮ್ಮ?" ಹೆಮ್ಮೆಯಿಂದ ಕೇಳುತ್ತಿದ್ದಾರೆ ಅಂದುಕೊಂಡು ಅವಳು ನಕ್ಕಿದ್ದಳು.

"ಏನ್ ತುಳಸಿ," ಎಂದರು ವಿಶಾಲಾಕ್ಷಮ್ಮ. "ಮುಖ ಯಾಕೆ ಹಿಂಗಾಯ್ತು?"

ತುಳಸಿ ಸುಕ್ಕಾದ ಹೊದಿಕೆಯನ್ನು ಅವರಿಗೆ ತೋರಿಸಿ ಬೀರುವಿನ ಕಡೆ ನೋಡಿದಳು. ಮೇಷ್ಟ್ರಮ್ಮನಿಗೆ ಅಷ್ಟು ಸಾಕಾಯಿತು. ಅವರು ಹತ್ತಿರ ಬಂದು ದನಿ ತಗ್ಗಿಸಿದರು.

"ಯೋಚ್ನೆ ಮಾಡಿ ಮಾತಾಡು ಕಣೇ. ಪಾಪ ಗೆದ್ದಾಯ್ತಲ್ಲ. ಮುಂದಿನದ್ದು ನಾವೇ ಕೂತು ನೋಡ್ಕಳಣ. ಕೀ ಇರೋದು ನಿನ್ನ ಕೊರಳಲ್ಲಿ."

ಅದು ನಿಜ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಎಲ್ಲಿತ್ತು ಎನ್ನುವುದು ತೀರ್ಮಾನವಾಗದೆ ಉಳಿದರೆ ನಾಳೆ ಪೇಟೆಯಲ್ಲಿ ಹುಟ್ಟುವ ಮಾತು ಯಾವುದೆಂದೂ ಅವಳಿಗೆ ಗೊತ್ತಿತ್ತು. ಹೇಗೋ ತಪ್ಪಿಸಿಕೊಂಡಳು ಪಾಪ. ಲೈನಿನವರನ್ನು ನಂಬಬಾರದು.

ಪಾಪ ಮೊದಲ ಸಲ ಪೂರ್ತಿ ಒಂದು ಪುಟ ಓದಿದ ಭಾನುವಾರ ಅವಳ ಕಣ್ಣ ಮುಂದೆ ಬಂತು. ಓದಿ ಮುಗಿಸಿ, ಬೆರಳನ್ನು ಪುಟದಿಂದ ಎತ್ತದೆ, "ಇದು ನನ್ನ ಕಣ್ಣೇ ಓದಿದ್ದು," ಎಂದಿದ್ದಳು. ಆಮೇಲಿನ ತಿಂಗಳು ಕಾಫಿಗೆ ಹೊಡೆಯುವ ಔಷಧಿಯ ಡಬ್ಬದ ಮೇಲಿನ ಅಕ್ಷರ ಓದಿ, ಕೈಗವಸು ಕೊಡದೆ ತಾನೂ ಮುಟ್ಟುವುದಿಲ್ಲ, ಉಳಿದವರೂ ಮುಟ್ಟುವುದಿಲ್ಲ ಎಂದು ರೈಟರ್ ಲೋಕೇಶನ ಎದುರು ನಿಂತಿದ್ದಳು. ಕೈಗವಸು ಬಂದಿತ್ತು, ಲೋಕೇಶನ ಸಿಟ್ಟೂ ಉಳಿದಿತ್ತು.

ತುಳಸಿ ದಾರವನ್ನು ಕೊರಳಿನಿಂದ ತೆಗೆದು ಕೀಯನ್ನು ಮೇಜಿನ ಮೇಲಿಟ್ಟಳು.

"ಸರ್, ಈ ಪುಸ್ತಕ ಲೈನಿಗೂ ಹೋಗಿಲ್ಲ, ಊರಿಗೂ ಹೋಗಿಲ್ಲ. ನಿನ್ನೆ ಮೊನ್ನೆಯವರೆಗೂ ಈ ಕೋಣೆಯಲ್ಲೇ ಇತ್ತು. ಆ ಬೀರು ಒಳಗೆ."



"ಅದರ ಕೀ..." ಎಂದರು ಜಯಪ್ರಕಾಶ್.

"ಇದು. ಒಂದೇ ಇರೋದು. ನನ್ನ ಹತ್ರ."

ಲೋಕೇಶ್ ಕೈ ತಟ್ಟಿದ, ಒಂದೇ ಸಲ. "ಭೇಷ್. ಕಳ್ಳಿ ಸಿಕ್ಕಿದ್ಲಲ್ಲ ಸರ್. ಡಿಗ್ರಿ ಮಾಡಿದ ಕಳ್ಳಿ."

"ಏ ರೈಟ್ರೇ," ಎಂದಳು ಪಾಪ. ಅವಳು ಒಳಗೆ ಬಂದು ತುಳಸಿಯ ಪಕ್ಕದಲ್ಲಿ ನಿಂತಳು. ಕೆಸರಿನ ಹೆಜ್ಜೆ ನೆಲದ ಮೇಲೆ ಸಾಲಾಗಿ ಮೂಡಿತು. "ಕದ್ದವಳು ತಾನಾಗಿ ಕೀ ತೆಗೆದು ಮೇಜಲ್ಲಿ ಇಡ್ತಾಳಾ? ನಿಮ್ಮ ಸ್ಟೋರಿನ ಕೀ ಯಾವತ್ತಾದ್ರೂ ಹಾಗೆ ಇಟ್ಟಿದ್ದೀರಾ ನೀವು?"

ಜಯಪ್ರಕಾಶರ ತುಟಿ ಮೀಸೆಯ ಕೆಳಗೆ ಅಲುಗಿತು. ಕೂಡಲೇ ಗಂಭೀರರಾದರು.

"ತೆಗಿಯಮ್ಮ," ಎಂದರು. "ನೋಡೇಬಿಡುವ."

ಬೀರುವಿನ ಬಾಗಿಲು ತೆರೆದಾಗ ಮುಖಕ್ಕೆ ಹೊಡೆದ ಬಿಸಿಗೆ ತುಳಸಿ ಹಿಂದೆ ಸರಿದಳು. ಇಷ್ಟು ಬಿಸಿ ಇರಬಾರದು. ಬೆಳಕೂ ಇಷ್ಟು ಇರಬಾರದು. ಬಾಗಿಲ ಸಂದಿಯ ಬೆಳಕು ಈಚೆಗೆ ಜೋರಾಗಿದೆ ಎಂದು ಒಂದು ಸಂಜೆ ತನಗನ್ನಿಸಿದ್ದು ಭ್ರಮೆಯಲ್ಲ.

ಮೇಲಿನ ಅರೆಗಳಲ್ಲಿ ಹಳೆಯ ಪುಸ್ತಕಗಳು ಇದ್ದ ಹಾಗೇ ಇದ್ದವು. ಎಲ್ಲಕ್ಕಿಂತ ಕೆಳಗಿನದು ಖಾಲಿ. ಅದರ ಮೂಲೆಯಲ್ಲಿ ಟೇಪಿನ ಒಂದು ತುಂಡು ಅಂಟಿಕೊಂಡಿತ್ತು. ವಿಶಾಲಾಕ್ಷಮ್ಮ ಆನೆ ಪುಸ್ತಕ ತಂದು, ಟೇಪು ಹರಿದಿದ್ದ ಮೂಲೆಯನ್ನು ಅದರ ಪಕ್ಕ ಹಿಡಿದರು. ಕೂಡಿತು.

"ಇಲ್ಲೇ ಇತ್ತು," ಎಂದರು ಮೇಷ್ಟ್ರಮ್ಮ. "ನಾವೆಲ್ಲ ಊರು ಹುಡುಕಿದ್ವು. ನಮ್ಮ ಬೆನ್ನ ಹಿಂದೆ ಇತ್ತು."

"ಟೀಚರ್, ಬಲ್ಬ್ ನೋಡಿ." ತುಳಸಿ ಕೆಳಗಿನ ಅರೆಯತ್ತ ಬೆರಳು ತೋರಿಸಿದಳು. "ನಾವು ಹಾಕಿದ್ದು ಜೀರೋ ಬಲ್ಬ್. ಸರ್ ಅಂಗಡಿಯದ್ದೇ. ಅದಕ್ಕೆ ಪ್ಲಾಸ್ಟಿಕ್ ಸುಕ್ಕಾಗುವಷ್ಟು ಬಿಸಿ ಇಲ್ಲ. ಇದು ದೊಡ್ಡದು. ಬೇರೆ."

"ಹೌದು," ಎಂದರು ಜಯಪ್ರಕಾಶ್ ಬಗ್ಗಿ. "ಇಂಥಾ ಬಲ್ಬ್ ನಾನು ತರಿಸೋದು ಬಿಟ್ಟು ಎಷ್ಟೋ ಕಾಲ ಆಯ್ತು. ಈಗೆಲ್ಲ ಎಲ್‌ಇಡಿ. ಇದು ಯಾರದ್ದೋ ಹಳೇ ಸ್ಟಾಕ್."

ತುಳಸಿ ಸ್ವಿಚ್ ಆರಿಸಿದಳು. ಟೇಬಲ್ ಒರೆಸುವ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಬಲ್ಬನ್ನು ತಿರುಗಿಸಿ ತೆಗೆದಳು. ಬಟ್ಟೆಯ ಮೂಲಕವೂ ಬಿಸಿ ತಾಗಿತು. ಕಿಟಕಿಯ ಬೆಳಕಿಗೆ ಹಿಡಿದಳು.

ಗಾಜಿನ ಕುತ್ತಿಗೆಯ ಸುತ್ತ ಕೆಂಪು ಬಣ್ಣದ ಪಟ್ಟಿ.

ಬೆಳ್ಳಿಗುಡ್ಡದ ಯಾವ ಮನೆಯವರನ್ನು ಕೇಳಿದರೂ ಅದೇನೆಂದು ಹೇಳುತ್ತಾರೆ. ಎಸ್ಟೇಟಿನ ಬಲ್ಬ್ ಹೊರಗೆ ಹೋಗಬಾರದೆಂದು ಸ್ಟೋರಿಗೆ ಬಂದ ಪ್ರತಿಯೊಂದಕ್ಕೂ ಗೇಟಿಗೆ ಬಳಿದು ಉಳಿದ ಕೆಂಪು ಪೇಂಟಿನಲ್ಲಿ ಸುತ್ತು ಹಾಕುತ್ತಾರೆ. ಲೋಕೇಶನ ಮುಖದ ನಗು ಅದನ್ನು ಕಂಡೊಡನೆ ಮಾಯವಾಯಿತು.

ಆದರೆ ತುಳಸಿ ನೋಡುತ್ತಿದ್ದದ್ದು ಲೋಕೇಶನನ್ನಲ್ಲ. ಆ ಪಟ್ಟಿ ಪೂರ್ತಿ ಸುತ್ತು ಬಂದಿರಲಿಲ್ಲ. ಒಂದು ಕಡೆ ಹೆಬ್ಬೆರಳಿನ ಅಗಲ ಬಣ್ಣವಿಲ್ಲದೆ ಬಿಟ್ಟಿತ್ತು. ಬಲ್ಬನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಈ ಸುತ್ತು ಎಳೆಯುವವರು ಎಸ್ಟೇಟಿನಲ್ಲಿ ಒಬ್ಬರೇ. ಹಿಡಿದ ಹೆಬ್ಬೆರಳನ್ನು ಎತ್ತಿ ಆ ಜಾಗ ತುಂಬಿಸುವ ತಾಳ್ಮೆ ಅವರಿಗಿರಲಿಲ್ಲ. ಚಿಕ್ಕಂದಿನಲ್ಲಿ ಜಗಲಿಯಲ್ಲಿ ಪಕ್ಕ ಕೂತು ಅವಳು ಕೇಳಿದ್ದಳು, ಇದು ಯಾಕೆ ಬಿಟ್ಟಿದ್ದು ಎಂದು. "ಅದು ನನ್ನ ಸೈನು ಕಣಮ್ಮ," ಎಂದು ಅಪ್ಪ ನಕ್ಕಿದ್ದರು.

ರಾತ್ರಿ ಮಲಗುವಾಗ ಕೀಯ ದಾರವನ್ನು ಅವಳು ಸಿಕ್ಕಿಸುತ್ತಿದ್ದದ್ದು ಮನೆಯ ಗೋಡೆಯ ಮೊಳೆಗೆ. ಗ್ರಂಥಾಲಯದ ಬಾಗಿಲ ಕೀಯೂ ಅಲ್ಲೇ ತೂಗುತ್ತಿತ್ತು.

"ಯಾಕೆ ನಿಂತುಬಿಟ್ಟೆ?" ಎಂದರು ಜಯಪ್ರಕಾಶ್.

ಬಲ್ಬ್ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು. ಪಾಪಳ ಹೆಸರಿಗಾಗಿ ಇಷ್ಟು ಮಾತಾಡಿದ ಬಾಯಿ ತನ್ನ ಮನೆಯ ಹೆಸರು ಬಂದಾಗ ಮುಚ್ಚಿಕೊಂಡರೆ, ಇನ್ನು ಭಾನುವಾರ ಪೆಟ್ಟಿಗೆ ಹೊತ್ತು ಆ ದಾರಿಯಲ್ಲಿ ನಡೆಯುವುದು ಹೇಗೆ?

"ಸರ್," ಎಂದಳು. "ಬಲ್ಬ್ ಎಸ್ಟೇಟ್ ಸ್ಟೋರಿಂದು. ಈ ಗುರುತು ಹಾಕಿದ್ದು ನಮ್ಮಪ್ಪ. ಕೀ ನಮ್ಮ ಮನೆಯ ಮೊಳೆಯಲ್ಲಿ ಇರ್ತದೆ."

ಪಾಪಳ ಕೈ ಅವಳ ತೋಳನ್ನು ಹಿಡಿಯಿತು. "ಬೇಡ ಕುಂಞಿ," ಎಂದಳು, ಮಗುವಿಗೆ ಹೇಳುವ ಹಾಗೆ. "ಅದನ್ನು ಹೇಳಬೇಡ."

"ನಿನಗೆ ಕೊಟ್ಟ ನ್ಯಾಯವೇ ಪಾಪಕ್ಕ. ಬೇರೆ ಇಲ್ಲ ನನ್ನ ಹತ್ರ."

ವಿಶಾಲಾಕ್ಷಮ್ಮ ಆನೆ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಸೆರಗು ಸರಿಮಾಡಿಕೊಂಡು ನೆಟ್ಟಗಾದರು. ಕ್ಲಾಸಿಗೆ ದೊಡ್ಡವರು ಬಂದಾಗ ಮಕ್ಕಳು ನಿಲ್ಲುವ ಹಾಗೆ, ಮೇಷ್ಟ್ರಮ್ಮ ತಮ್ಮ ಶಿಷ್ಯೆಯ ಮುಂದೆ ನಿಂತರು.

ಹೊರಗೆ ಜಗಲಿಯಲ್ಲಿ ಹೆಜ್ಜೆಯ ಸದ್ದಾಯಿತು. ಅಧಿಕಾರಿ ಬೇಗ ಬಂದರೆಂದು ಜಯಪ್ರಕಾಶ್ ಅಂಗಿ ಸರಿಮಾಡಿಕೊಂಡರು.

ಬಂದದ್ದು ಅಧಿಕಾರಿಯಲ್ಲ. ಹೊರಗೆ ಬಿಟ್ಟ ಚಪ್ಪಲಿಗಳ ನಡುವೆ ಟೂಲ್ಸ್ ಚೀಲ ಹೆಗಲಿಗೆ ಹಾಕಿಕೊಂಡು ದೇವರಾಜು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಪ್ಯಾಂಟಿನ ಅಂಚಿನಿಂದ ನೀರು ಇಳಿದು ಕಾಲ ಬುಡದಲ್ಲಿ ನಿಂತಿತ್ತು.

ಅವರು ಮಗಳ ಕೈಯಲ್ಲಿದ್ದ ಬಲ್ಬನ್ನು ನೋಡಿದರು. ಆಮೇಲೆ ಮಗಳ ಮುಖವನ್ನು. ಆ ಮುಖದಲ್ಲಿ ಅಳುಕು ಇರಲಿಲ್ಲವೆಂದು ಕಂಡು ಅವರ ಕಣ್ಣು ತುಂಬಿತೋ, ಮಳೆಯ ನೀರೋ, ತುಳಸಿಗೆ ತಿಳಿಯಲಿಲ್ಲ.

"ಕೀ ತಗಂಡಿದ್ದು ನಾನೇ ಕಣಮ್ಮ," ಎಂದರು. "ಎರಡು ಸಲ. ಇಡೋದಕ್ಕೆ ಒಂದ್ಸಲ, ತೆಗೆಯೋದಕ್ಕೆ ಒಂದ್ಸಲ. ಹೊಸ ಪುಸ್ತಕಕ್ಕೆ ಬೂಷ್ಟು ಬರಬಾರ್ದು ಅಂತ ದೊಡ್ಡ ಬಲ್ಬೂ ನಾನೇ ಹಾಕ್ದೆ."

ತುಳಸಿ ಬಲ್ಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ದೇವರಾಜು ಅಷ್ಟರಲ್ಲಿ ಅವಳನ್ನು ದಾಟಿ ನೋಡುತ್ತಿದ್ದರು. ಕಿಟಕಿಯ ಕಡೆಗೆ, ಹಿಂಬಾಗಿಲು ಎಲ್ಲಿದೆಯೆಂದು ಕಣ್ಣಲ್ಲೇ ಅಳೆಯುತ್ತಿದ್ದ ಲೋಕೇಶನ ಕಡೆಗೆ.

"ಯಾರು ಹೇಳಿದ್ದಕ್ಕೆ ಅಂತ," ಎಂದರು ಮೆತ್ತಗೆ, "ನಾನು ಹೇಳ್ಲಾ ರೈಟ್ರೇ, ಇಲ್ಲ ನೀವೇ ಹೇಳ್ತೀರಾ?"